ಭರತಪುರದ ಎಮ್ಮೆಗಳೂ ಸೈಬೀರಿಯದ ಕ್ರೌಂಚಗಳೂ

ಮುಂಬಯಿಯಿಂದ ಕೋಟಾ ಮಾರ್ಗವಾಗಿ ದಿಲ್ಲಿಗೆ ಹೋಗುವ ರೈಲುಗಾಡಿ ಮಥುರೆಯನ್ನು ಮುಟ್ಟುವುದಕ್ಕೆ ಸ್ವಲ್ಪ ಮೊದಲು ಭರತಪುರವೆಂಬ ನಿಲ್ದಾಣವನ್ನು ಹಾದುಹೋಗುತ್ತದೆ. ದಿಲ್ಲಿಯ ಕಚೇರಿಗಳಲ್ಲಿ ದುಡಿಯುವ ನಮ್ಮ ಬಂಧುಗಳೂ, ಹೋಟೆಲಿನ ಕೆಲಸವನ್ನರಸಿ ಮುಂಬಯಿಯಿಂದ ಇನ್ನೂ ಉತ್ತರಕ್ಕೆ ಸಾಗಿದ ತರುಣರೂ ಆ ನಿಲ್ದಾಣವನ್ನು ಎಷ್ಟು ಬಾರಿ ನಿದ್ದೆಗಣ್ಣಿನಲ್ಲಿ ದಾಟಿರುವರೋ ಲೆಕ್ಕವಿಲ್ಲ. ನಾವೂ ಹಾಗೆ ದಾಟಿದವರೇ. ನಿಲ್ದಾಣದಿಂದ ಕೆಲವೇ ಕಿಲೋಮೀಟರುಗಳ ದೂರದಲ್ಲಿ, ಕೇವಲಾದೇವನೆಂಬ ಶಿವನ ಹೆಸರನ್ನು ಹೊತ್ತ, 29 ಚದರ ಕಿಲೋಮೀಟರಿನಷ್ಟೇ ವಿಸ್ತಾರವಿರುವ ಒಂದು ಜೌಗು ನೆಲವುಂಟೆಂದೂ, ಆ ನೆಲದಲ್ಲಿ ಎಮ್ಮೆಗಳ ದೆಸೆಯಿಂದ ಜನರ ಪ್ರಾಣ ಹೋಯಿತೆಂದೂ, ಹಕ್ಕಿಗಳ ಒಂದು ಕುಲವೇ ಅಲ್ಲಿಗೆ ಬರುವುದನ್ನು ನಿಲ್ಲಿಸಿಬಿಟ್ಟಿತೆಂದೂ ಗಾಡಿಯಲ್ಲಿದ್ದ ನಮಗೆ ತಿಳಿಸಿದವರಾರು?

ಈ ನೆಲಕ್ಕೂ ಮುಂಬಯಿಗೂ ಹಳೆಯ ನಂಟುಂಟು. 1883ರಲ್ಲಿ ಸ್ಥಾಪಿತವಾದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಕಚೇರಿಯು ಕೋಟೆ ವಿಭಾಗದಲ್ಲಿ, ಲಯನ್ ಗೇಟಿನ ಸಮೀಪದಲ್ಲಿದೆ. ಆ ಸುತ್ತಿನ ಕಚೇರಿಗಳಿಗೆ ಚಹಾ ಒಯ್ಯುವ ನಮ್ಮ ಹುಡುಗರಿಗೆ ಆ ಬೀದಿ ಅಪರಿಚಿತವಲ್ಲ. 1959ರಲ್ಲಿ ಈ ಸೊಸೈಟಿಯು ಡಾ. ಸಾಲಿಂ ಅಲಿಯವರ ನೇತೃತ್ವದಲ್ಲಿ ವಲಸೆ ಬರುವ ಹಕ್ಕಿಗಳ ಕಾಲಿಗೆ ಲೋಹದ ಪುಟ್ಟ ಬಳೆಯೊಂದನ್ನು ತೊಡಿಸಿ ಹಾರಿಬಿಡುವ ಕಾರ್ಯವನ್ನು ಕೈಗೊಂಡಿತು. ಬಳೆಯ ಮೇಲೆ ಒಂದು ಅಂಕೆ. ಜತೆಗೆ, ಸಿಕ್ಕವರು ಬಾಂಬೆಯ ಸೊಸೈಟಿಗೆ ತಿಳಿಸಬೇಕೆಂಬ ಇಂಗ್ಲಿಷ್ ಬರಹ. ಭರತಪುರವು ಈ ಕಾರ್ಯದ ಮುಖ್ಯ ನೆಲೆಗಳಲ್ಲೊಂದಾಗಿತ್ತು. ಅಲ್ಲಿ ಬಳೆ ತೊಟ್ಟ ಬಾತುಗಳು ಹಿಮಾಲಯವನ್ನು ದಾಟಿ ಸೋವಿಯತ್ ದೇಶದ ಬೇಟೆಗಾರರ ಕೈಗೆ ಸಿಕ್ಕಿದುವು. ಅವುಗಳ ಸಮಾಚಾರ ಅಂಚೆಯ ಮೂಲಕ ಮುಂಬಯಿಗೆ ಬಂದಿತು. ಊರೊಂದು, ಉದ್ಯೋಗ ಇನ್ನೊಂದೂರಿನಲ್ಲಿ, ವಿಳಾಸ ಮಾತ್ರ ಮುಂಬಯಿಯದು ಎಂಬ ಪರಿಸ್ಥಿತಿಯನ್ನು ನಮ್ಮ ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಕಾಡೆಂದರೆ ಮನುಷ್ಯನ ಕೈ ಸೋಂಕದ ನೆಲ, ಅದನ್ನು ಉಳಿಸುವುದೆಂದರೆ ಮನುಷ್ಯನನ್ನು ಹೊರಗೆ ಕಳಿಸಿ ಬಾಗಿಲು ಹಾಕುವುದು ಎಂಬ ಭಾವನೆ ಸುಶಿಕ್ಷಿತರಲ್ಲಿ ಬಲವಾಗಿ ಬೇರೂರಿದೆ. ಭರತಪುರದ ವಿಷಯದಲ್ಲಿ ಈ ಭಾವನೆಯು ಮೊದಲ ಹೆಜ್ಜೆಗೇ ಎಡವುತ್ತದೆ. ಏಕೆಂದರೆ ಆ ಜೌಗು ನೆಲವು ಬಹುಮಟ್ಟಿಗೆ ಮನುಷ್ಯನು ಮಾಡಿದ್ದು. ಅಲ್ಲಿದ್ದುದು ಮಳೆಯ ನೀರು ತಂಗುವ ಒಂದು ತಗ್ಗು ಮಾತ್ರ. 18ನೆಯ ಶತಮಾನದಲ್ಲಿ ಭರತಪುರದ ಅರಸು ಸೂರಜಮಲ್ಲನು ಅಜಾನ್ ಬಂದ್ ಎಂಬ ಏರಿಯನ್ನು ಕಟ್ಟಿಸಿದ ಮೇಲೆ ಗಂಭೀರ್ ಮತ್ತು ಬಾಣಗಂಗಾ ನದಿಗಳ ನೀರು ಅಲ್ಲಿ ನಿಲ್ಲತೊಡಗಿತು. ಮುಂದೆ 19ನೆಯ ಶತಮಾನದ ಕೊನೆಯ ಭಾಗದಲ್ಲಿ ರಾಜಮನೆತನದವರು ಬಾತುಗಳ ಬೇಟೆಗೋಸ್ಕರ ಕಾಲುವೆ, ತೂಬು, ಸಣ್ಣ ಸಣ್ಣ ಏರಿಗಳಿಂದ ಅದನ್ನು ಪಾತಿಗಳನ್ನಾಗಿ ವಿಂಗಡಿಸಿದರು. ಆ ಬೇಟೆಯ ಲೆಕ್ಕವನ್ನು ಗುಡಿಯ ಬಳಿಯ ಕಲ್ಲಿನಲ್ಲಿ ಕೊರೆದಿಟ್ಟಿದ್ದಾರೆ. 1938ರ ನವೆಂಬರಿನಲ್ಲಿ ವೈಸರಾಯ್ ಲಿನ್‌ಲಿತ್‌ಗೋ ಅವರ ಸಮ್ಮುಖದಲ್ಲಿ ಒಂದೇ ದಿನ ಬಿದ್ದ ಹಕ್ಕಿಗಳು 4,273. ಇದನ್ನು ಶಿಲಾಶಾಸನ ಮಾಡಿಸಿಕೊಳ್ಳುವಷ್ಟು ಹೆಮ್ಮೆ ಆ ಮಹನೀಯರಿಗಿತ್ತು!

ಅಂತಹ ಬೇಟೆಯ ಕೆರೆಯು 1956ರಲ್ಲಿ ಪಕ್ಷಿಧಾಮವಾಯಿತು. 1981ರಲ್ಲಿ ರಾಮ್ಸಾರ್ ಒಪ್ಪಂದದ ಪಟ್ಟಿಯನ್ನೂ, 1985ರಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಯನ್ನೂ ಸೇರಿತು. ರಾಷ್ಟ್ರೀಯ ಉದ್ಯಾನವೆಂಬ ಬಿರುದೂ ಅದೇ ವರ್ಷಗಳಲ್ಲಿ ದೊರಕಿತು. ಕೀರ್ತಿಗೆ ಕೊರತೆಯೇನೂ ಉಂಟಾಗಲಿಲ್ಲ.

ಈ ನೆಲದ ವರ್ಷಚಕ್ರವು ಮನಸ್ಸಿಟ್ಟು ತಿಳಿಯತಕ್ಕದ್ದು. ಆಷಾಢ ಶ್ರಾವಣಗಳಲ್ಲಿ ನದಿಯ ಹೊಸನೀರು ಅಜಾನ್ ಏರಿಯನ್ನು ತುಂಬಿ ತೂಬುಗಳ ಮೂಲಕ ಒಳಗೆ ಬರುತ್ತದೆ. ನೀರಿನೊಂದಿಗೆ ಕೋಟಿ ಕೋಟಿ ಮೀನಮರಿಗಳೂ ಬರುತ್ತವೆ. ಆಗಲೇ ಬಣ್ಣದ ಕೊಕ್ಕರೆ, ನೀರುಕಾಗೆ, ಹಾವಕ್ಕಿ, ಬಕ ಮೊದಲಾದುವು ನೀರಿನ ನಡುವಣ ಜಾಲಿಮರಗಳ ಮೇಲೆ ಗೂಡು ಕಟ್ಟುತ್ತವೆ. ಮರಿಗಳ ಹಸಿವಿಗೆ ಆ ಮೀನಮರಿಗಳೇ ಆಧಾರ. ದೀಪಾವಳಿಯ ಹೊತ್ತಿಗೆ ಉತ್ತರದಿಂದ ಹೆಬ್ಬಾತು, ಬಾತುಗಳು ಇಳಿಯತೊಡಗುತ್ತವೆ. ಹೋಳಿಯ ನಂತರ ಅವು ಹಿಂದಿರುಗುತ್ತವೆ. ವೈಶಾಖ ಜ್ಯೇಷ್ಠಗಳಲ್ಲಿ ನೀರೆಲ್ಲ ಇಂಗಿ ನೆಲ ಬಿರುಕು ಬಿಡುತ್ತದೆ. ಈ ಒಣಗುವಿಕೆ ಕೇಡಲ್ಲ. ಒಣಗಿ ಗಾಳಿಬಿಸಿಲು ಕಂಡ ಮಣ್ಣಿನಲ್ಲಿಯೇ ಮುಂದಿನ ಮಳೆಗೆ ಸಾರ ಹುಟ್ಟುತ್ತದೆ. ಗದ್ದೆಯನ್ನು ಬೇಸಗೆಯಲ್ಲಿ ಒಣಗಬಿಡುವ ನಮ್ಮೂರಿನ ಒಕ್ಕಲಿಗನಿಗೆ ಇದು ಹೊಸ ವಿದ್ಯೆಯಲ್ಲ.

ಇನ್ನು ಎಮ್ಮೆಗಳ ಸಂಗತಿ. ಸುತ್ತಲಿನ ಹಳ್ಳಿಗಳ ಜನರು ತಲೆತಲಾಂತರದಿಂದ ಅಲ್ಲಿ ದನ ಎಮ್ಮೆಗಳನ್ನು ಮೇಯಿಸುತ್ತಿದ್ದರು. ರಾಷ್ಟ್ರೀಯ ಉದ್ಯಾನವಾದ ಮೇಲೆ, 1982ರ ನವೆಂಬರಿನಲ್ಲಿ, ಮೇವು ಪೂರ್ತಿಯಾಗಿ ನಿಷಿದ್ಧವಾಯಿತು. ಎಮ್ಮೆಗಳು ಹಕ್ಕಿಗಳ ಆಹಾರವನ್ನು ತುಳಿದು ಹಾಳುಮಾಡುತ್ತವೆಂದು ಪಕ್ಷಿಗಳನ್ನು ಬಲ್ಲ ವಿದ್ವಾಂಸರೂ ಆ ಕಾಲದಲ್ಲಿ ನಂಬಿದ್ದರು. ಆದರೆ ಬದಲಿ ಮೇವೆಲ್ಲಿ, ಹಾಲು ಮಾರಿ ಬದುಕುವವನ ಗತಿಯೇನು ಎಂಬುದಕ್ಕೆ ಉತ್ತರ ಸಿದ್ಧವಾಗಿರಲಿಲ್ಲ. ಉದ್ಯಾನದ ಸುತ್ತ ಎದ್ದ ಕಲ್ಲುಗೋಡೆಯ ಬಳಿ ಹಳ್ಳಿಗರಿಗೂ ಪೋಲೀಸರಿಗೂ ಘರ್ಷಣೆಯಾಗಿ ಗೋಲೀಬಾರು ನಡೆಯಿತು, ಜನರು ಸತ್ತರು. ಅರಣ್ಯರಕ್ಷಣೆಯ ಇತಿಹಾಸವನ್ನು ಬರೆಯುವವರು ಈ ಪುಟವನ್ನು ಬೇಗನೆ ಮಗುಚುತ್ತಾರೆ. ನಾವು ಮಗುಚಲಾರೆವು.

ಮುಂದೇನಾಯಿತು? ಎಮ್ಮೆಗಳು ಹೋದ ಮೇಲೆ ನೀರಿನ ಮೇಲೆ ಚಾಪೆ ಹಾಸಿದಂತೆ ಹಬ್ಬುವ ಪ್ಯಾಸ್ಪಾಲಂ ಎಂಬ ಹುಲ್ಲು ಹೇಳುವವರು ಕೇಳುವವರಿಲ್ಲದೆ ಬೆಳೆಯಿತು. ತೆರೆದ ನೀರು ಕಿರಿದಾಯಿತು. ಬಾತಿಗೆ ಈಜಲು ಎಡೆಯಿಲ್ಲ, ಮೀನಿಗೆ ಬೆಳಕಿಲ್ಲ, ಮೀನು ಹಿಡಿಯುವ ಹಕ್ಕಿಗೆ ಬೇಟೆಯಿಲ್ಲ. ಬಾಂಬೆ ಸೊಸೈಟಿಯ ವಿಜ್ಞಾನಿಗಳು 1980ರಿಂದ 1990ರವರೆಗೆ ಹತ್ತು ವರ್ಷಕಾಲ ಅಲ್ಲಿಯೇ ನೆಲೆನಿಂತು ನೀರು, ಹುಲ್ಲು, ಮೀನು, ಹಕ್ಕಿ ಎಲ್ಲವನ್ನೂ ಅಳೆದು ತೂಗಿ ವರದಿ ಮಾಡಿದರು. ಎಮ್ಮೆಯು ಆ ಹುಲ್ಲನ್ನು ಮೇಯ್ದು, ಕೆಸರಿನಲ್ಲಿ ಹೊರಳಿ, ನೀರನ್ನು ತೆರೆದಿಡುತ್ತಿದ್ದ ಕೆಲಸಗಾರನೆಂದೂ, ಅದನ್ನು ಸಂಪೂರ್ಣವಾಗಿ ಹೊರಗೆ ಹಾಕಿದುದರಿಂದ ಜೌಗಿಗೆ ಹಾನಿಯಾಯಿತೆಂದೂ ಅವರ ತೀರ್ಮಾನ ಬಂದಿತು. ಹಿಂದೆ ತಮ್ಮ ವಲಯದಲ್ಲಿಯೇ ಪ್ರಚಲಿತವಾಗಿದ್ದ ನಂಬಿಕೆಯನ್ನು ತಾವೇ ಅಲ್ಲಗಳೆದ ಆ ವಿಜ್ಞಾನಿಗಳ ಪ್ರಾಮಾಣಿಕತೆಯನ್ನು ನಾವು ಮನಸಾರೆ ಮೆಚ್ಚುತ್ತೇವೆ. ಆದರೆ ವರದಿ ಬಂದುದು ಆಜ್ಞೆಯ ಅನಂತರ. ಮೊದಲು ಅಧ್ಯಯನ, ಆಮೇಲೆ ಆಜ್ಞೆ ಎಂದಾಗಿದ್ದರೆ ಗೋಡೆಯ ಬಳಿ ಸತ್ತವರು ಸಾಯುತ್ತಿರಲಿಲ್ಲ. ಕೊನೆಗೆ, ಹಳ್ಳಿಗರು ಒಳಗೆ ಬಂದು ಕತ್ತಿಯಿಂದ ಹುಲ್ಲು ಕೊಯ್ದು ಹೊತ್ತೊಯ್ಯಬಹುದೆಂಬ ಏರ್ಪಾಡಾಯಿತು. ಎಮ್ಮೆಯ ಕೆಲಸವನ್ನು ಮನುಷ್ಯನ ತಲೆಗೆ ಹೊರಿಸಿದಂತಾಯಿತು.

ಇಷ್ಟೇ ಆಗಿದ್ದರೆ ಇದು ಒಂದೂರಿನ ಹುಲ್ಲಿನ ಜಗಳವಾಗಿ ಮುಗಿಯುತ್ತಿತ್ತು. ಆದರೆ ಅಲ್ಲಿಗೆ ಒಬ್ಬ ದೂರದ ಅತಿಥಿ ಬರುತ್ತಿದ್ದನು. ಅದೇ ಸೈಬೀರಿಯದ ಬಿಳಿ ಕ್ರೌಂಚ. ಮನುಷ್ಯನ ಎದೆಯೆತ್ತರದ ಹಕ್ಕಿ. ಹಾಲಿನಂತಹ ಮೈ, ಕುಂಕುಮ ಬಳಿದಂತಹ ಮುಖ. ರೆಕ್ಕೆಯ ತುದಿಯ ಕಪ್ಪು ಹಾರುವಾಗ ಮಾತ್ರ ಕಾಣುವುದು. ಜಹಾಂಗೀರನ ಆಸ್ಥಾನದ ಚಿತ್ರಕಾರ ಮನ್ಸೂರನು ನಾಲ್ಕು ಶತಮಾನಗಳ ಹಿಂದೆಯೇ ಇದರ ಚಿತ್ರವನ್ನು ಬರೆದಿದ್ದಾನೆ. ಭಾರತಕ್ಕೆ ಬರುತ್ತಿದ್ದ ತಂಡದ ತವರು ಪಶ್ಚಿಮ ಸೈಬೀರಿಯದಲ್ಲಿ, ಓಬ್ ನದಿಯ ಕೆಳಪಾತ್ರದ ಕಡೆಗಿರುವ ಕುನೊವಾತ್ ನದಿಯ ಪ್ರದೇಶವೆಂಬುದು ತಜ್ಞರ ನಿರ್ಣಯ.

ಆ ಉತ್ತರದ ಜೌಗೇ ಬೇರೆ. ಅಲ್ಲಿ ಟೈಗಾ ಎಂದು ಕರೆಯುವ, ಸೂಜಿಯೆಲೆಯ ಮರಗಳ ಕಾಡು ನೂರಾರು ಯೋಜನ ಹಬ್ಬಿದೆ. ಕಾಡಿನ ನಡುನಡುವೆ ಹಾವಸೆಯ ಬಯಲುಗಳಿವೆ. ಚಳಿ ಅತಿಶಯವಾದುದರಿಂದಲೂ ನೀರು ಹುಳಿಯಾಗಿರುವುದರಿಂದಲೂ ಸತ್ತ ಹಾವಸೆ ಪೂರ್ತಿ ಕೊಳೆಯದೆ ಪದರದ ಮೇಲೆ ಪದರವಾಗಿ ಸಾವಿರಾರು ವರ್ಷಗಳಿಂದ ಕೂಡಿಕೊಂಡು, ನೀರನ್ನು ಹೀರಿದ ಹತ್ತಿಯ ಹಾಸಿಗೆಯಂತೆ ನಿಂತಿದೆ. ಬೇಸಗೆಯೆಂಬುದು ಕೆಲವೇ ತಿಂಗಳ ಮಾತು. ಆ ಅವಧಿಯಲ್ಲಿಯೇ ಕ್ರೌಂಚ ದಂಪತಿಗಳು ನೀರಿನ ನಡುವೆ ಗೂಡು ಕಟ್ಟಿ ಎರಡು ಮೊಟ್ಟೆಯಿಡುತ್ತವೆ. ಸಾಮಾನ್ಯವಾಗಿ ಒಂದೇ ಮರಿ ಬದುಕಿ ರೆಕ್ಕೆ ಬಲಿಯುತ್ತದೆ. ಗೂಡಿನ ಬಳಿ ಮನುಷ್ಯನೋ ನಾಯಿಯೋ ಸುಳಿದರೆ ತಾಯಿ ಎದ್ದು ಹೋಗುತ್ತಾಳೆ. ಆದುದರಿಂದ ಅಲ್ಲಿ ಮನುಷ್ಯನು ದೂರವಿರುವುದೇ ರಕ್ಷಣೆ. ಮರಿ ಹಾರಲು ಕಲಿತೊಡನೆ ತಂದೆತಾಯಿಗಳೊಡನೆ ಐದು ಸಾವಿರ ಕಿಲೋಮೀಟರಿಗೂ ಮಿಕ್ಕ ಪ್ರಯಾಣ. ಕಜಾಕಸ್ಥಾನ, ಆಫ್ಘಾನಿಸ್ಥಾನದ ಆಬ್-ಇ-ಇಸ್ತಾದಾ ಸರೋವರ, ಪಾಕಿಸ್ತಾನದ ಕಣಿವೆಗಳು, ಕೊನೆಗೆ ಭರತಪುರ. ಇಲ್ಲಿ ಆ ಕುಟುಂಬವು ಎಮ್ಮೆಗಳ ನಡುವೆ ನಿಶ್ಚಿಂತೆಯಿಂದ ಮೊಣಕಾಲು ನೀರಿನಲ್ಲಿ ನಿಂತು ಜೇಕಿನ ಗಡ್ಡೆಗಳನ್ನು ಅಗೆದು ತಿನ್ನುತ್ತಿತ್ತು.

ಹಕ್ಕಿ ಒಂದೇ, ಜೌಗು ಎರಡು. ಕುನೊವಾತಿನಲ್ಲಿ ಸರಿಯಾದ ನಿಯಮವು ಭರತಪುರದಲ್ಲಿ ತಪ್ಪಾಯಿತು. ನಮ್ಮ ವಾದದ ಜೀವಾಳ ಇದೇ ಆಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾದ ಯಾವ ನೆಲದಲ್ಲಿಯೂ ಸಾಕುಪ್ರಾಣಿಗಳ ಮೇವನ್ನು ಒಪ್ಪುವುದಿಲ್ಲ. ಹುಲಿಯ ಕಾಡಾದರೂ ಅಷ್ಟೆ, ಬಾತಿನ ಕೆರೆಯಾದರೂ ಅಷ್ಟೆ. ಮೇವಿನಿಂದ ಬೋಳಾದ ಗುಡ್ಡಗಳನ್ನು ಕಂಡವರು ಈ ನಿಯಮವನ್ನು ಮಾಡಿದರು. ಅವರ ಉದ್ದೇಶವನ್ನು ನಾವು ಶಂಕಿಸುವುದಿಲ್ಲ. ಬಹಳ ಕಡೆಗಳಲ್ಲಿ ಆ ನಿಯಮ ಬೇಕೇ ಬೇಕು. ಆದರೆ ದೊಡ್ಡವನಿಗೂ ಚಿಕ್ಕವನಿಗೂ ಒಂದೇ ಅಳತೆಯ ಅಂಗಿ ಹೊಲಿಯಿಸುವ ದರ್ಜಿಯನ್ನು ಯಾರೂ ಜಾಣನೆನ್ನುವುದಿಲ್ಲ.

ಕ್ರೌಂಚಗಳ ಲೆಕ್ಕ ಹೃದಯವನ್ನು ಹಿಂಡುವಂತಹುದು. 1960ರ ದಶಕದಲ್ಲಿ ಸುಮಾರು 200 ಹಕ್ಕಿಗಳು ಬರುತ್ತಿದ್ದುವು. 1992-93ರ ಚಳಿಗಾಲದಲ್ಲಿ ಬಂದುವು ಐದು. ಅನಂತರದ ಎರಡು ವರ್ಷ ಒಂದೂ ಬರಲಿಲ್ಲ. ಇನ್ನು ಬಾರವೆಂದು ಎಲ್ಲರೂ ಕೈಬಿಟ್ಟಾಗ ನಾಲ್ಕು ಬಂದು ಆಶೆ ಹುಟ್ಟಿಸಿದುವು. 2001-02ರ ಚಳಿಗಾಲದಲ್ಲಿ ಒಂದು ಜೋಡಿ ಬಂದಿತು; 2002ರ ವಸಂತದಲ್ಲಿ ಉತ್ತರಕ್ಕೆ ಹಾರಿತು. ಮತ್ತೆ ಭರತಪುರದಲ್ಲಿ ಸೈಬೀರಿಯದ ಕ್ರೌಂಚ ಕಾಣಿಸಲಿಲ್ಲ.

ಎಮ್ಮೆಗಳನ್ನು ಓಡಿಸಿದುದರಿಂದಲೇ ಕ್ರೌಂಚಗಳು ಹೋದುವೆಂದು ನಾವು ಹೇಳಿದರೆ ಸತ್ಯಕ್ಕೆ ಅಪಚಾರವಾದೀತು. ನಿಷೇಧಕ್ಕೆ ಮುಂಚೆಯೇ ಅವುಗಳ ಸಂಖ್ಯೆ ಬಹಳ ಇಳಿದಿತ್ತು. ದಾರಿಯ ಕಣಿವೆಗಳಲ್ಲಿ ಬಂದೂಕೂ ಬಲೆಯೂ ಕಾದಿದ್ದುವು. ಆಫ್ಘಾನಿಸ್ಥಾನದಲ್ಲಿ ವರ್ಷಗಟ್ಟಲೆ ಯುದ್ಧ ನಡೆಯಿತು. ತಂಗುದಾಣದ ಕೆರೆಗಳು ಬತ್ತಿದುವು. ಆದರೆ ಅಘಾಪುರವೆಂಬ ಹಳ್ಳಿಯವರು ಹೇಳಿದ ಒಂದು ಮಾತು ಗಮನಾರ್ಹವಾಗಿದೆ. ತಾವು ಒಳಗೆ ಹೋಗಿ ಲಾವಂಚದ ಬೇರನ್ನು ಅಗೆಯುತ್ತಿದ್ದುದರಿಂದ ಮಣ್ಣು ಸಡಿಲವಾಗಿ ಕ್ರೌಂಚಗಳಿಗೆ ಗಡ್ಡೆ ಸುಲಭವಾಗಿ ಸಿಕ್ಕುತ್ತಿತ್ತು, ತಮ್ಮನ್ನು ತಡೆದ ಮೇಲೆ ನೆಲ ಗಟ್ಟಿಯಾಯಿತು ಎಂದು ಅವರು ಅಭಿಪ್ರಾಯಪಟ್ಟರು. ಅದು ಪೂರ್ಣ ಸತ್ಯವೋ ಅರ್ಧ ಸತ್ಯವೋ, ಪರೀಕ್ಷಿಸಿ ನೋಡಬೇಕಾದ ಮಾತಂತೂ ಹೌದು. ನಿಷೇಧಕ್ಕೆ ಮುಂಚೆ ಅವರನ್ನು ಕರೆದು ಕೂರಿಸಿ ಕೇಳಿದ್ದರೆ ಪರೀಕ್ಷಿಸಬಹುದಾಗಿತ್ತು. ಕ್ರೌಂಚಗಳು ಹೋದ ಮೇಲೆ ಪರೀಕ್ಷಿಸುವುದು ಯಾವುದರ ಮೇಲೆ?

ಪ್ರಯತ್ನಗಳು ನಡೆಯಲಿಲ್ಲವೆಂದಲ್ಲ. ಪಂಜರದಲ್ಲಿ ಮರಿಮಾಡಿಸಿದ ಹಕ್ಕಿಗಳನ್ನು ಭರತಪುರದಲ್ಲಿಯೂ ಸೈಬೀರಿಯದಲ್ಲಿಯೂ ಬಿಟ್ಟು ನೋಡಿದರು. ಮರಿಗಳು ಮನುಷ್ಯರನ್ನು ತಂದೆತಾಯಿಗಳೆಂದು ಭ್ರಮಿಸಬಾರದೆಂದು ಪಾಲಕರು ಬಿಳಿಯ ನಿಲುವಂಗಿ ತೊಟ್ಟು ಕ್ರೌಂಚದ ವೇಷ ಧರಿಸಿ ಸಾಕಿದರು. 2012ರಲ್ಲಿ ರಷ್ಯದ ಅಧ್ಯಕ್ಷ ಪುಟಿನ್ನರೇ ಅಂತಹ ವೇಷ ಧರಿಸಿ ಸಣ್ಣ ವಿಮಾನದಲ್ಲಿ ಮರಿಗಳ ಮುಂದೆ ಹಾರಿದ್ದುಂಟು. 1993ರಲ್ಲಿ ಈ ಹಕ್ಕಿಗೋಸ್ಕರವೇ ದೇಶಗಳ ನಡುವೆ ಒಂದು ಒಡಂಬಡಿಕೆಯಾಯಿತು. ಪೂರ್ವ ಸೈಬೀರಿಯದಿಂದ ಚೀನದ ಪೊಯಾಂಗ್ ಸರೋವರಕ್ಕೆ ಹೋಗುವ ತಂಡವು ಇಂದಿಗೂ ಸಾವಿರಗಳ ಸಂಖ್ಯೆಯಲ್ಲಿದೆಯೆಂಬುದೊಂದು ಸಮಾಧಾನ. ಇರಾನಿಗೆ ಹೋಗುತ್ತಿದ್ದ ತಂಡದಲ್ಲಿ ಮಾತ್ರ 2007ರ ನಂತರ ಅನೇಕ ವರ್ಷ ಒಂದೇ ಒಂದು ಗಂಡುಹಕ್ಕಿ ಚಳಿಗಾಲಕ್ಕೆ ಬಂದು ಹೋಗುತ್ತಿತ್ತು. ಇರಾನಿನ ಜನರು ಅದಕ್ಕೆ ಓಮಿದ್ ಎಂದು ಹೆಸರಿಟ್ಟರು. ಆಶೆಯೆಂದು ಅದರ ಅರ್ಥ. ದಾರಿ ಕಲಿಸುವ ಹಿರಿಯರು ಒಮ್ಮೆ ಇಲ್ಲವಾದರೆ ಆ ದಾರಿಯನ್ನು ಯಾವ ಕಾಯಿದೆಯೂ ಮರಳಿಸಲಾರದು. ಕ್ರೌಂಚದ ಮರಿಗೆ ದಾರಿ ಹುಟ್ಟಿನಿಂದ ಬರುವುದಿಲ್ಲ; ತಂದೆತಾಯಿಗಳ ಹಿಂದೆ ಹಾರಿಯೇ ಅದು ಕಲಿಯಬೇಕು.

ಈಗ ಕಲಿಕೆಯ ಮಾತಿಗೇ ಬರೋಣ. ಇಂತಹ ವಿದ್ಯೆ ವಿಶ್ವವಿದ್ಯಾಲಯದವರಿಗೆ, ದುರ್ಬೀನು ಕೊಳ್ಳುವಷ್ಟು ಹಣವಿದ್ದವರಿಗೆ ಮಾತ್ರ ಎಂಬ ಭಾವನೆ ನಮ್ಮವರಲ್ಲಿದೆ. ಬೆಳಗಿನ ಐದು ಗಂಟೆಗೆ ಒಲೆ ಹಚ್ಚಿ ರಾತ್ರಿ ಹನ್ನೊಂದಕ್ಕೆ ಬಾಗಿಲು ಮುಚ್ಚುವವನಿಗೆ ಹಕ್ಕಿಯ ಗೊಡವೆ ಏಕೆ ಎಂದು ಕೇಳುವವರಿದ್ದಾರೆ. ಭರತಪುರವೇ ಇದಕ್ಕೆ ಉತ್ತರ ಕೊಟ್ಟಿದೆ. ಹಕ್ಕಿಗೆ ಬಳೆ ತೊಡಿಸುವ ಮೊದಲು ಗಾಯವಾಗದಂತೆ ಹಿಡಿಯಬೇಕಷ್ಟೆ? ಹಿಡಿದುಕೊಟ್ಟವರು ಬಿಹಾರದ ಮೀರಶಿಕಾರರು, ಹಕ್ಕಿ ಹಿಡಿಯುವುದನ್ನೇ ಕುಲವೃತ್ತಿಯಾಗಿ ಉಳ್ಳವರು. ಯಾವ ಹಕ್ಕಿ ಯಾವ ಹೊತ್ತಿಗೆ ಎಲ್ಲಿ ಇಳಿಯುವುದು, ಬಲೆಯನ್ನು ಹೇಗೆ ಒಡ್ಡಬೇಕೆಂಬುದು ಡಾಕ್ಟರೇಟು ಪಡೆದವರಿಗಿಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ಸಾಲಿಂ ಅಲಿಯವರು ಆ ಜ್ಞಾನವನ್ನು ಗೌರವಿಸಿ ಬಳಸಿಕೊಂಡರು. ನಮ್ಮ ಮೈಸೂರು ಸೀಮೆಯ ರಂಗನತಿಟ್ಟನ್ನು 1940ರಲ್ಲಿ ಪಕ್ಷಿಧಾಮವನ್ನಾಗಿ ಮಾಡಬೇಕೆಂದು ಮಹಾರಾಜರಿಗೆ ಸಲಹೆಯಿತ್ತವರೂ ಇವರೇ ಎಂಬುದನ್ನು ನಮ್ಮ ವಾಚಕರು ನೆನೆಯಬಹುದು.

ಎರಡನೆಯ ಉದಾಹರಣೆ ಇನ್ನೂ ಹತ್ತಿರದ್ದು. ಭರತಪುರದ ಸೈಕಲ್ ರಿಕ್ಷಾದವರಿಗೆ ಉದ್ಯಾನದವರು ಪರವಾನಗಿಯನ್ನಿತ್ತು ಹಕ್ಕಿಗಳ ಪರಿಚಯ ಮಾಡಿಕೊಟ್ಟರು. ಅವರಲ್ಲಿ ಬಹುಮಂದಿ ಹೆಚ್ಚು ಓದಿದವರಲ್ಲ. ದಿನವೂ ಅದೇ ಏರಿಯ ಮೇಲೆ ಗಾಡಿ ತುಳಿಯುತ್ತ, ವಿದೇಶೀ ಪ್ರವಾಸಿಗಳ ಪುಸ್ತಕಗಳನ್ನು ಇಣುಕಿ ನೋಡುತ್ತ, ಕೆಲವೇ ವರ್ಷಗಳಲ್ಲಿ ಅವರು ನೂರಾರು ಹಕ್ಕಿಗಳನ್ನು ದೂರದಿಂದಲೇ ಗುರುತಿಸಿ ಹೆಸರು ಹೇಳುವಷ್ಟು ನಿಪುಣರಾದರು. ಅಲ್ಲಿಗೆ ಹೋದ ಪಂಡಿತರು ಅವರಿಂದ ಕಲಿತು ಬಂದರು. ಹತ್ತು ಮೇಜುಗಳ ಗಿರಾಕಿಗಳ ತಿಂಡಿಯನ್ನು ಒಂದು ಚೀಟಿಯೂ ಇಲ್ಲದೆ ನೆನಪಿಟ್ಟು ಹೇಳುವ ನಮ್ಮ ಮಾಣಿಗೆ, ನೂರು ಖಾತೆಗಳ ಅಂಕೆಯನ್ನು ಕಣ್ಣಳತೆಯಲ್ಲಿ ತಾಳೆ ನೋಡುವ ನಮ್ಮ ಗುಮಾಸ್ತನಿಗೆ ಈ ವಿದ್ಯೆ ಒಲಿಯದೆಂದು ಯಾರು ಹೇಳಿದರು?

ನೀರಿನ ವಿಷಯವನ್ನು ಹೇಳದಿದ್ದರೆ ಲೇಖನ ಅಪೂರ್ಣವಾಗುವುದು. ಗಂಭೀರ್ ನದಿಗೆ ಮೇಲುಗಡೆ, ಕರೌಲಿಯ ಕಡೆ, ಪಾಂಚನಾ ಅಣೆಕಟ್ಟು ಎದ್ದ ಮೇಲೆ ಭರತಪುರದ ಪಾಲು ಕುಗ್ಗಿತು. ಈ ನೆಲಕ್ಕೆ ವರ್ಷಕ್ಕೆ ಸುಮಾರು 550 ದಶಲಕ್ಷ ಘನ ಅಡಿ ನೀರು ಬೇಕು. 2004ರ ಸುಮಾರಿಗೆ ಮಳೆಯೂ ಕೈಕೊಟ್ಟಿತು. ಮೇಲಿನ ರೈತರು ತಮ್ಮ ಬೆಳೆಗೇ ನೀರಿಲ್ಲ, ಹಕ್ಕಿಗೆ ಬಿಡುವುದುಂಟೇ ಎಂದು ಹೋರಾಟಕ್ಕೆ ನಿಂತರು. ಆ ರೈತರನ್ನು ಹಕ್ಕಿಯ ಶತ್ರುಗಳೆಂದು ಕರೆಯಲು ನಾವು ಸಿದ್ಧರಿಲ್ಲ. ಜೌಗು ಒಣಗಿ ಒಳಗೆಲ್ಲ ಬಳ್ಳಾರಿ ಜಾಲಿ ನುಗ್ಗಿತು. ಆಗ ಅಧಿಕಾರಿಗಳು ಒಂದು ವಿವೇಕದ ಕೆಲಸ ಮಾಡಿದರು. ಸುತ್ತಲಿನ ಹಳ್ಳಿಗರನ್ನೇ ಕರೆದು, ಜಾಲಿಯನ್ನು ಬೇರುಸಹಿತ ಕಿತ್ತು ಸೌದೆಯನ್ನು ಮನೆಗೆ ಒಯ್ಯಿರಿ ಎಂದರು. ಜಾಲಿ ಬಹುಪಾಲು ತೊಲಗಿತು. ಹಳ್ಳಿಯ ಒಲೆಯೂ ಉರಿಯಿತು. 1982ರಲ್ಲಿ ಬಂದೂಕು ಕಾಣದ ದಾರಿಯನ್ನು ಇಪ್ಪತ್ತೈದು ವರ್ಷಗಳ ನಂತರ ಕೊಡಲಿ ಕಂಡಿತು. ಮುಂದೆ ಗೋವರ್ಧನ ಕಾಲುವೆಯಿಂದಲೂ ಚಂಬಲಿನಿಂದಲೂ ಕೊಳವೆಯ ಮೂಲಕ ನೀರು ತರಿಸಿದರು. ತರಿಸಿದುದು ಒಳ್ಳೆಯದೇ, ಆದರೆ ಹೊಳೆಯ ಹೊಸನೀರು ಹೊತ್ತು ತರುತ್ತಿದ್ದ ಮೀನಮರಿಗಳನ್ನು ಕೊಳವೆಯ ನೀರು ತರುವುದಿಲ್ಲವೆಂಬುದನ್ನು ಅಧಿಕಾರಿಗಳು ಮರೆಯದಿರಲಿ. ಅಜಾನ್ ಏರಿಗೆ ನದಿಯ ಪಾಲನ್ನು ವರ್ಷ ವರ್ಷವೂ ಖಚಿತಪಡಿಸುವ ಏರ್ಪಾಡಾಗಬೇಕು. ಮೇಲಿನ ರೈತರಿಗೆ ಅದಕ್ಕೆ ತಕ್ಕ ಪರಿಹಾರ ದೊರೆಯಬೇಕು. ಎಮ್ಮೆಗಳ ವಿಷಯದಲ್ಲಿ, ಒಂದೆರಡು ಪಾತಿಗಳಲ್ಲಿಯಾದರೂ ಮಿತವಾದ ಮೇವನ್ನು ಪರೀಕ್ಷಾರ್ಥವಾಗಿ ಬಿಡುವಂತೆ ಕಾಯಿದೆಯಲ್ಲಿ ಎಡೆ ಮಾಡಬೇಕು. ಹಳ್ಳಿಗರು ಆ ಪರೀಕ್ಷೆಯ ಲೆಕ್ಕ ಬರೆಯುವವರಲ್ಲಿ ಒಬ್ಬರಾಗಿರಬೇಕು.

ನವೆಂಬರಿನಿಂದ ಫೆಬ್ರವರಿಯೊಳಗೆ ದಿಲ್ಲಿಯ ಕಡೆ ಪ್ರಯಾಣ ಬೆಳೆಸುವ ವಾಚಕರು ಒಂದು ದಿನದ ರಜೆ ಹೆಚ್ಚಿಗೆ ದೊರೆತರೆ ಭರತಪುರದಲ್ಲಿ ಇಳಿಯಲಿ. ಕ್ರೌಂಚ ಕಾಣದು. ಸಾರಸದ ಜೋಡಿ ಕಂಡೀತು, ಹೆಬ್ಬಾತಿನ ಹಿಂಡು ಕಂಡೀತು, ಮಳೆ ಚೆನ್ನಾಗಿ ಆದ ವರ್ಷವಾದರೆ ಮರ ಬಾಗುವಷ್ಟು ಬಣ್ಣದ ಕೊಕ್ಕರೆ ಕಂಡೀತು. ಬೆಳಗಿನ ಚಳಿಗೆ ಒಂದು ಕಂಬಳಿ ಇಟ್ಟುಕೊಂಡು ಹೋಗುವುದು ಲೇಸು. ಕರೆದೊಯ್ಯುವವನು ವಯಸ್ಸಾದವನಾಗಿದ್ದರೆ ಹಕ್ಕಿಗಳ ಹೆಸರನ್ನು ಕೇಳಿದ ಮೇಲೆ ಎಮ್ಮೆಗಳ ಕಾಲದ ಸಂಗತಿಯನ್ನೂ ವಿಚಾರಿಸಲಿ.